ಗುಲಾಬಿ ಹಿಡಿದ ರಾಣಿ

ಈ ಶಾಲೆಯಲ್ಲಿ ಫ್ರಾನ್ಸಿನ ಕ್ರಾಂತಿಯ ಪಾಠ ಮಾಡುವಾಗಲೆಲ್ಲ ನಾನು ಒಂದು ಕಥೆ ಹೇಳುತ್ತಿದ್ದೆ. ಜನರಿಗೆ ರೊಟ್ಟಿ ಸಿಗುತ್ತಿಲ್ಲವೆಂದಾಗ ರಾಣಿ ಮೇರಿ ಆಂಟೊನೆಟ್, ಹಾಗಾದರೆ ಕೇಕ್ ತಿನ್ನಲಿ ಎಂದಳಂತೆ. ಮಕ್ಕಳು ನಗುತ್ತಿದ್ದರು, ಪಾಠ ಸಲೀಸಾಗಿ ಸಾಗುತ್ತಿತ್ತು. ನಿವೃತ್ತಿಯ ಬಳಿಕ ಆಕೆಯ ಭಾವಚಿತ್ರವೊಂದರ ಅಚ್ಚುಪ್ರತಿ ಕಣ್ಣಿಗೆ ಬಿದ್ದು, ಅದರ ಹಿಂದಿನ ಸಂಗತಿ ಓದತೊಡಗಿದ ಮೇಲೆ ನನಗೇ ನಾಚಿಕೆಯಾಯಿತು.

ಚಿತ್ರ 1783ರದು, ತೈಲವರ್ಣ. ನೀಲಿ ಬೆರೆತ ಬೂದು ಬಣ್ಣದ ರೇಷ್ಮೆ ಗೌನು, ತೋಳಿಗೆ ಲೇಸು, ಕೊರಳಲ್ಲಿ ಮುತ್ತಿನ ಸರ, ಕೈಯಲ್ಲಿ ಗುಲಾಬಿ, ಹಿಂದೆ ತೋಟದ ಗಿಡಮರ. ಇಂಥ ತಿಳಿಬಣ್ಣ, ಹೂವು, ಬಟ್ಟೆಯ ಮಿನುಗು ಇರುವ ಶೈಲಿಗೆ ರೊಕೊಕೊ ಎನ್ನುತ್ತಾರೆ; ಆ ವೇಳೆಗೆ ಅದರ ಕಾಲ ಮುಗಿಯುತ್ತ ಬಂದಿತ್ತು. ಬರೆದವಳು ಎಲಿಜಬೆತ್ ವಿಜೀ ಲ ಬ್ರುನ್. ರಾಣಿಯೂ ಅವಳೂ 1755ರಲ್ಲೇ ಹುಟ್ಟಿದವರು.

ಆದರೆ ಇದು ಬದಲಿಗೆ ಬರೆದ ಚಿತ್ರ. ಅದೇ ವರ್ಷ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಮೊದಲು ಇಟ್ಟಿದ್ದ ಚಿತ್ರದಲ್ಲಿ ರಾಣಿ ಬಿಳಿ ಮಸ್ಲಿನ್ ಉಡುಪು, ಹುಲ್ಲಿನ ಟೋಪಿ ತೊಟ್ಟಿದ್ದಳು. ಮೈಮೇಲೆ ಒಡವೆ ಇರಲಿಲ್ಲ. ಮಸ್ಲಿನ್ ಎಂದರೆ ನಮ್ಮ ಬಂಗಾಳದ ಕಡೆಯ ನೇಕಾರರು ಹೆಸರು ಮಾಡಿದ್ದ ನಯವಾದ ಹತ್ತಿ ಬಟ್ಟೆ. ನೋಡಿದವರು ಸಿಡಿದೆದ್ದರು. ರಾಣಿ ಒಳಉಡುಪಿನಲ್ಲಿ ನಿಂತಿದ್ದಾಳೆ ಎಂದರು. ಪರದೇಶದ ಬಟ್ಟೆ ತೊಟ್ಟು ಲಿಯೋನ್ ಪಟ್ಟಣದ ರೇಷ್ಮೆ ನೇಕಾರರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾಳೆ ಎಂದೂ ದೂರಿದರು. ಚಿತ್ರವನ್ನು ಇಳಿಸಬೇಕಾಯಿತು. ಕಲಾವಿದೆ ಅದೇ ಭಂಗಿ, ಅದೇ ಗುಲಾಬಿ ಉಳಿಸಿಕೊಂಡು, ರಾಣಿಗೆ ರೇಷ್ಮೆ ತೊಡಿಸಿ ಅವಸರದಲ್ಲಿ ಇನ್ನೊಂದನ್ನು ಬರೆದಳು. ರೇಷ್ಮೆ ತೊಟ್ಟರೆ ದುಂದುಗಾರ್ತಿ, ಹತ್ತಿ ತೊಟ್ಟರೆ ಮಾನಗೇಡಿ! ಆಕೆ ದುಂದು ಮಾಡಲಿಲ್ಲವೆಂದು ನಾನು ಹೇಳುತ್ತಿಲ್ಲ, ಧಾರಾಳವಾಗಿ ಮಾಡಿದಳು. ಆದರೆ ಎಲ್ಲ ಸಿಟ್ಟಿಗೂ ಆಕೆಯೊಬ್ಬಳೇ ಗುರಿಯಾದಳು. 1793ರ ಅಕ್ಟೋಬರ್ 16ರಂದು ಗಿಲೋಟಿನ್ನಿಗೆ ಹೋದಾಗಲೂ ಮೈಮೇಲೆ ಸಾದಾ ಬಿಳಿ ಉಡುಪೇ ಇತ್ತು.

ನಮ್ಮ ನಾಡಿಗೆ ಸಂಬಂಧಿಸಿದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಟಿಪ್ಪು ಸುಲ್ತಾನರು ಹದಿನಾರನೇ ಲೂಯಿಯ ಬಳಿಗೆ ಕಳುಹಿಸಿ, 1788ರಲ್ಲಿ ಫ್ರಾನ್ಸ್ ತಲುಪಿದ ರಾಯಭಾರಿಗಳಲ್ಲಿ ಒಬ್ಬರಾದ ಮಹಮ್ಮದ್ ದರ್ವೇಶ್ ಖಾನರ ಚಿತ್ರ ಬರೆದವಳೂ ಇದೇ ಕಲಾವಿದೆ. ಅವರು ತೊಟ್ಟಿದ್ದೂ ಬಿಳಿ ಮಸ್ಲಿನ್ನೇ, ಮೇಲೆ ಚಿನ್ನದ ಹೂಗಳು.

ಇನ್ನು ಕೇಕಿನ ಮಾತು. ಅದು ರೂಸೋ ತನ್ನ ಆತ್ಮಕಥೆಯಲ್ಲಿ ಹೆಸರು ಹೇಳದೆ ಯಾರೋ ಒಬ್ಬ ರಾಜಕುಮಾರಿಯ ಮೇಲೆ ಹೊರಿಸಿದ್ದು. ಆತ ಅದನ್ನು ಬರೆಯುವಾಗ ಆಂಟೊನೆಟ್ ಇನ್ನೂ ಆಸ್ಟ್ರಿಯಾದಲ್ಲಿದ್ದ ಬಾಲಕಿ. ಮದುವೆಯಾಗಿ ಫ್ರಾನ್ಸಿಗೆ ಬಂದದ್ದು 1770ರಲ್ಲಿ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಸಮಾಜ ವಿಜ್ಞಾನದ ನೋಟ್ಸನ್ನು ಇನ್ನೂ ಇಟ್ಟುಕೊಂಡಿದ್ದರೆ, ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ.