ಪರಿಗ್ರಹಪರಿಮಾಣ: ಗೃಹಸ್ಥನ ಮನೆಗೊಂದು ಎಲ್ಲೆ

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ, ಸುಮಾರು 42 ಅಡಿ ಎತ್ತರದ ಬಾಹುಬಲಿಗೆ ಉಡುಗೆಯಿಲ್ಲ, ತೊಡುಗೆಯಿಲ್ಲ, ಆಯುಧವಿಲ್ಲ. ಗೆದ್ದ ರಾಜ್ಯವನ್ನೇ ಬಿಟ್ಟವನ ಮೂರ್ತಿಯದು. ಅದನ್ನು ನಿಲ್ಲಿಸಿದವನಾದರೋ ರಾಜ್ಯ, ಭಂಡಾರಗಳುಳ್ಳ ಗೃಹಸ್ಥ. ಎಲ್ಲವನ್ನೂ ಬಿಡಲಾಗದವನು ಎಷ್ಟನ್ನು ಇಟ್ಟುಕೊಳ್ಳಬಹುದು? ಈ ಪ್ರಶ್ನೆಗೆ ಶ್ರಾವಕಾಚಾರ ಗ್ರಂಥಗಳು ಕೊಟ್ಟ ಉತ್ತರವೇ ಪರಿಗ್ರಹಪರಿಮಾಣ ವ್ರತ. ಕಡಿಮೆ ಕೊಂಡು ಹಣ ಉಳಿಸಬೇಕು, ಮನೆಯಲ್ಲಿ ತುಂಬಿದ ವಸ್ತುಗಳನ್ನು ತಗ್ಗಿಸಬೇಕು ಎಂಬ ಇಂದಿನ ಮಾತನ್ನು ಈ ವ್ರತದ ಬೆಳಕಿನಲ್ಲಿ ಪರಿಶೀಲಿಸಬಹುದು.

ಜೈನ ಪರಂಪರೆ ಬಾಹ್ಯ ಪರಿಗ್ರಹವನ್ನು ಹತ್ತಾಗಿ ಎಣಿಸುತ್ತದೆ: ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ. ಮನುಷ್ಯರನ್ನೂ ಸೊತ್ತಿನೊಳಗೆ ಸೇರಿಸಿರುವ ಈ ಪಟ್ಟಿಯಲ್ಲಿ ಅಂದಿನ ಸಮಾಜದ ಗುರುತಿದೆ. ಭೂಮಿ, ಚಿನ್ನಗಳ ಜೊತೆಗೆ ಬಟ್ಟೆಬರೆ, ಪಾತ್ರೆಪಗಡಿಗಳಿಗೂ ಇದರಲ್ಲಿ ಸ್ಥಾನವಿರುವುದು ಗಮನಾರ್ಹ. ಅಡುಗೆಮನೆಯ ನಾಗಂದಿಗೆಯೂ ವ್ರತದ ಲೆಕ್ಕಕ್ಕೆ ಹೊರತಲ್ಲ.

ಆದರೆ ತತ್ತ್ವಾರ್ಥಸೂತ್ರದ ಪ್ರಕಾರ ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಣ ಮೂರ್ಛೆ, ಅಂದರೆ ಮಮಕಾರ. ಮೂಡುಬಿದಿರೆಯ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ ರಚಿಸಿದ ‘ಭರತೇಶ ವೈಭವ’ದ ಭರತನು ಈ ತತ್ತ್ವದ ಕಾವ್ಯರೂಪ, ಭೋಗದ ನಡುವಿದ್ದೂ ಅವನು ಅದಕ್ಕೆ ಅಂಟದವನು. ಈ ಆದರ್ಶ ಎತ್ತರದ್ದು, ಆದರೆ ಅಪಾಯಕ್ಕೂ ಎಡೆಯುಳ್ಳದ್ದು. ಮನೆ ತುಂಬ ಸಾಮಾನು ಪೇರಿಸಿಕೊಂಡವನೂ ತನಗೆ ಮೋಹವಿಲ್ಲವೆಂದು ಹೇಳಿಕೊಳ್ಳಬಹುದು. ಈ ಜಾರುವಿಕೆಗೆ ಶ್ರಾವಕಾಚಾರ ಹಾಕಿದ ತಡೆಯೇ ‘ಪರಿಮಾಣ’. ವ್ರತಿಯು ತನ್ನ ಮಿತಿಯನ್ನು ತಾನೇ ನಿಶ್ಚಯಿಸಬೇಕು; ಅದಕ್ಕೆ ಮಿಕ್ಕಿದ್ದನ್ನು ಬಯಸಬಾರದು. ಅಂತರಂಗದ ವೈರಾಗ್ಯವನ್ನು ಅಳೆಯಲಾಗದು, ಪೆಟ್ಟಿಗೆಯ ಸೀರೆಗಳನ್ನು ಎಣಿಸಬಹುದು.

ಕನ್ನಡದ ಜೈನಕವಿಗಳು ಭಕ್ತಿಯಿಂದ ಸ್ಮರಿಸುವ ಸಮಂತಭದ್ರಾಚಾರ್ಯರ ಹೆಸರಿನಲ್ಲಿರುವ ‘ರತ್ನಕರಂಡಕ ಶ್ರಾವಕಾಚಾರ’ ಇದೇ ವ್ರತವನ್ನು ಇಚ್ಛಾಪರಿಮಾಣವೆಂದೂ ಕರೆಯುತ್ತದೆ. ಅತಿಸಂಗ್ರಹ, ವಿಸ್ಮಯ, ಲೋಭಗಳು ಅದು ಹೇಳುವ ಐದು ಅತಿಚಾರಗಳಲ್ಲಿ ಸೇರಿವೆ. ಇನ್ನೊಬ್ಬರ ಸಂಪತ್ತನ್ನೋ ಲಾಭವನ್ನೋ ಕಂಡು ಮನಸ್ಸು ಕದಡುವುದನ್ನೂ ದೋಷವೆಂದು ಎಣಿಸಿರುವುದು ಸೂಕ್ಷ್ಮವಾದ ದೃಷ್ಟಿ. ಬೇಡದ ವಸ್ತು ಮನೆಗೆ ಬರುವ ದಾರಿ ಬಹುಮಟ್ಟಿಗೆ ಅದೇ.

ಇದಕ್ಕೆ ಪೂರಕವಾದದ್ದು ಭೋಗೋಪಭೋಗಪರಿಮಾಣ. ಒಮ್ಮೆ ಬಳಸಿ ಮುಗಿಯುವ ಅನ್ನ, ಹೂಮಾಲೆ ಭೋಗ. ಮತ್ತೆ ಮತ್ತೆ ಬಳಸುವ ವಸ್ತ್ರ, ಆಭರಣ ಉಪಭೋಗ. ಇವುಗಳ ತ್ಯಾಗವನ್ನು ಬದುಕಿರುವವರೆಗೆ ಕೈಗೊಂಡರೆ ಯಮ, ಕಾಲದ ಗಡುವಿಟ್ಟು ಕೈಗೊಂಡರೆ ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಗಡುವುಗಳನ್ನೂ ಗ್ರಂಥ ಹೇಳುತ್ತದೆ. ಒಂದು ತಿಂಗಳು ಹೊಸ ಬಟ್ಟೆ ಕೊಳ್ಳುವುದಿಲ್ಲವೆಂಬ ಇಂದಿನ ಸಂಕಲ್ಪಕ್ಕೆ ಹೀಗೆ ಬಹು ಹಳೆಯ ಪೂರ್ವರೂಪವಿದೆ.

ಮಿತಿ ಗ್ರಂಥಗಳಿಂದ ಮಾತ್ರ ಬರುತ್ತಿರಲಿಲ್ಲ. ಕಾಪು ಸಮೀಪದ ಇನ್ನಂಜೆಯಂಥ ಕರಾವಳಿಯ ಊರುಗಳಲ್ಲಿ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. ಅದಕ್ಕೆ ಬೇರೆ ಪಾತ್ರೆ ಬೇಡ. ಬಿಚ್ಚಿದರೆ ಉಳಿಯುವುದು ಹುಲ್ಲು ಮಾತ್ರ. ಆದರೆ ಆ ಮಿತವ್ಯಯದಲ್ಲಿ ಬಡತನದ ಪಾಲೂ ಇತ್ತು. ಇಲ್ಲದ್ದರಿಂದ ಬಂದ ಮಿತಿ ವ್ರತವಾಗದು. ಕೊಳ್ಳಬಲ್ಲವನು ಕೊಳ್ಳದಿರುವುದು ವ್ರತ.

ಕೊಳ್ಳದೆ ಉಳಿದ ಹಣದ ಗತಿಯೇನೆಂಬುದು ಕೊನೆಯ ಪ್ರಶ್ನೆ. ಹತ್ತು ಪರಿಗ್ರಹಗಳಲ್ಲಿ ಧನವೂ ಒಂದಾಗಿರುವುದರಿಂದ, ಅಟ್ಟವನ್ನು ಬರಿದುಮಾಡಿ ಭಂಡಾರವನ್ನು ತುಂಬಿಸಿದರೆ ಪರಿಗ್ರಹ ಸ್ಥಳ ಬದಲಿಸಿತೇ ಹೊರತು ಕಡಿಮೆಯಾಗಲಿಲ್ಲ. ಆದ್ದರಿಂದಲೇ ಶ್ರಾವಕಧರ್ಮದಲ್ಲಿ ಪರಿಮಾಣದ ಜೊತೆಗೆ ದಾನವೂ ನಿಂತಿದೆ. ರನ್ನನ ಆಶ್ರಯದಾತೆ, 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಒಬ್ಬಳ ಭಂಡಾರದಲ್ಲಿ ಕೂಡಿರಬಹುದಾಗಿದ್ದ ಧನವು ಓದುವವರ ಕೈಯ ಓಲೆಯಾಯಿತು.