ಗ್ರೀಸಿನಲ್ಲಿ ಸೈನ್ಯವು ಅಧಿಕಾರ ಹಿಡಿದ ಬಗೆ

ಪ್ರಜಾಪ್ರಭುತ್ವದ ಪಾಠವನ್ನು ನಾವು ಉಪಾಧ್ಯಾಯರು ಅಥೆನ್ಸಿನಿಂದಲೇ ಪ್ರಾರಂಭಿಸುವುದು ವಾಡಿಕೆ. ಪೆರಿಕ್ಲೀಸನ ಕಾಲ, ಪೌರರ ಸಭೆ, ಸಾಕ್ರಟೀಸನ ವಿಚಾರಣೆ, ಇಷ್ಟನ್ನು ಹೇಳಿ, ಅಲೆಕ್ಸಾಂಡರನನ್ನು ಸಿಂಧೂನದಿಯವರೆಗೆ ಕರೆತಂದು, ಗ್ರೀಸ್ ದೇಶಕ್ಕೆ ಕೈಮುಗಿದು ಮುಂದೆ ಹೋಗುತ್ತೇವೆ. ಆಮೇಲೆ ಆ ದೇಶವೇನಾಯಿತೆಂದು ಮಕ್ಕಳು ಕೇಳುವುದೂ ಅಪರೂಪ, ನಾವು ಹೇಳುವುದೂ ಅಪರೂಪ. ಅದೇ ಅಥೆನ್ಸಿನ ಬೀದಿಗಳಲ್ಲಿ 1967ನೆಯ ಇಸವಿ ಏಪ್ರಿಲ್ 21ರ ಶುಕ್ರವಾರ ನಸುಕಿನಲ್ಲಿ ಟ್ಯಾಂಕುಗಳು ಉರುಳಿದುವು. ಬೆಳಕು ಹರಿಯುವಷ್ಟರಲ್ಲಿ ರಾಜ್ಯಭಾರವು ಕೆಲವೇ ಮಂದಿ ಸೇನಾಧಿಕಾರಿಗಳ ಕೈಸೇರಿತ್ತು. ಅವರು ಸೇನೆಯ ಶಿರೋಮಣಿಗಳೂ ಅಲ್ಲ; ಬಹುಮಟ್ಟಿಗೆ ಕರ್ನಲ್ ದರ್ಜೆಯವರು. ಇಂಥವರು ಒಂದು ರಾತ್ರಿಯಲ್ಲಿ ಒಂದು ದೇಶವನ್ನು ಹಿಡಿದುದು ಹೇಗೆ? ಕದ ಮುರಿದು ನುಗ್ಗಿದರೆಂದು ಹೇಳುವುದು ಸುಲಭ. ನಾವು ವಿಚಾರಿಸಿದ ಮಟ್ಟಿಗೆ ಕಂಡುದು ಬೇರೆ. ಬೀಗದ ಕೈಯನ್ನು ಮನೆಯವರೇ ಮಾಡಿಸಿಟ್ಟಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸಿಕ್ಕಿ ಹಸಿವಿನಿಂದ ನರಳಿದ ಗ್ರೀಸ್, ಆ ಸಂಕಟದಿಂದ ಪಾರಾದ ಸ್ವಲ್ಪ ಕಾಲದಲ್ಲೇ ಅಂತರ್ಯುದ್ಧದಲ್ಲಿ ಬಿದ್ದಿತು. 1946ರಿಂದ 1949ರವರೆಗೆ ಕಮ್ಯೂನಿಸ್ಟರ ದಳಗಳಿಗೂ ಸರ್ಕಾರದ ಸೈನ್ಯಕ್ಕೂ ಕಾಳಗ ನಡೆದು ಒಡಹುಟ್ಟಿದವರೇ ಎದುರಾಳಿಗಳಾದರು. ಮೊದಲು ಬ್ರಿಟನ್, 1947ರಿಂದ ಅಮೆರಿಕ, ಸರ್ಕಾರಕ್ಕೆ ಹಣವನ್ನೂ ಆಯುಧಗಳನ್ನೂ ಒದಗಿಸಿದುವು. ಸೈನ್ಯ ಗೆದ್ದಿತು. 1952ರಲ್ಲಿ ದೇಶವು ನೇಟೋ ಕೂಟವನ್ನು ಸೇರಿತು. ಕಾಳಗವೇನೋ ನಿಂತಿತು, ಕಾಳಗದ ಕಾಲಕ್ಕೆಂದು ಮಾಡಿದ ಕಟ್ಟಳೆಗಳು ನಿಲ್ಲಲಿಲ್ಲ. ಸರ್ಕಾರಿ ನೌಕರಿ ಬೇಕಾದವನು ತನ್ನ ರಾಜಕೀಯ ನಿಷ್ಠೆ ಶುದ್ಧವಾಗಿದೆಯೆಂದು ಪೋಲೀಸರಿಂದ ಪ್ರಮಾಣಪತ್ರ ತರಬೇಕಾಗಿತ್ತು. ಉಪಾಧ್ಯಾಯನೂ ಇದಕ್ಕೆ ಹೊರತಲ್ಲ. ತಂದೆಯೋ ಸೋದರಮಾವನೋ ಹಿಂದೆ ಗುಡ್ಡ ಹತ್ತಿ ಹೋರಾಡಿದ್ದರೆ ಆ ಕಲೆ ಮಗನ ಅರ್ಜಿಗೂ ತಗಲುವುದು. ಸಂಶಯಕ್ಕೊಳಗಾದ ಪೌರನೊಬ್ಬೊಬ್ಬನಿಗೂ ಪೋಲೀಸರಲ್ಲಿ ಒಂದೊಂದು ಕಡತ. ಈ ಕಡತಗಳ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಸೈನ್ಯವು ರಾಜಕೀಯಕ್ಕೆ ಕೈಹಾಕುವುದು ಆ ದೇಶಕ್ಕೆ ಹೊಸದೇನೂ ಆಗಿರಲಿಲ್ಲ. 1936ರ ಆಗಸ್ಟ್ 4ರಂದು ಮೆಟಾಕ್ಸಾಸ್ ಎಂಬ ನಿವೃತ್ತ ಸೇನಾನಿಯು ದೊರೆಯ ಒಪ್ಪಿಗೆ ಪಡೆದೇ ಸರ್ವಾಧಿಕಾರಿಯಾಗಿದ್ದನು. ಅಂತರ್ಯುದ್ಧದ ಬಳಿಕವೂ ಸೈನ್ಯದೊಳಗೆ ಅಧಿಕಾರಿಗಳ ಗುಪ್ತಕೂಟಗಳಿದ್ದುವು. ಅವರ ದೃಷ್ಟಿಯಲ್ಲಿ ರಾಷ್ಟ್ರವನ್ನು ಉಳಿಸಿದವರು ತಾವು. ಮಂತ್ರಿಗಳು ಬಂದು ಹೋಗುವವರು.

1964ರ ಫೆಬ್ರುವರಿ ಚುನಾವಣೆಯಲ್ಲಿ ವೃದ್ಧ ನಾಯಕ ಗಿಯೋರ್ಗಿಯೋಸ್ ಪಪಾಂಡ್ರೆಯೂ ಅವರ ಮಧ್ಯಪಂಥದ ಪಕ್ಷಕ್ಕೆ ನೂರಕ್ಕೆ 52ಕ್ಕೂ ಹೆಚ್ಚು ಮತಗಳು ಬಂದುವು. ಮರು ತಿಂಗಳು ದೊರೆ ಪಾಲನು ತೀರಿಕೊಂಡು, 23 ವರ್ಷದ ಮಗ ಕಾನ್‌ಸ್ಟಂಟೈನನು ಪಟ್ಟಕ್ಕೆ ಬಂದನು. ಈ ಮುದುಕರಿಗೂ ಆ ತರುಣನಿಗೂ ಜಗಳ ಹತ್ತಿದುದು ಒಂದೇ ಪ್ರಶ್ನೆಯ ಮೇಲೆ: ಸೈನ್ಯ ಯಾರದು? ಸೈನ್ಯವನ್ನು ಹತೋಟಿಗೆ ತರಲು ಪ್ರಧಾನಿ ತಾವೇ ರಕ್ಷಣಾ ಖಾತೆಯನ್ನು ವಹಿಸಿಕೊಳ್ಳಬಯಸಿದರು, ದೊರೆ ಒಪ್ಪಲಿಲ್ಲ, 1965ರ ಜುಲೈ 15ರಂದು ಅವರ ಸರ್ಕಾರ ಹೋಯಿತು. ಆಮೇಲೆ ಅರಮನೆಯು ಆ ಪಕ್ಷದಿಂದ ಸಿಡಿದು ಬಂದವರನ್ನು ಹಿಡಿದು ಒಂದರ ಮೇಲೊಂದು ಮಂತ್ರಿಮಂಡಲ ಕಟ್ಟಿತು. ಯಾವುದಕ್ಕೂ ಬೇರಿಲ್ಲ. ಕೊನೆಗೆ 1967ರ ಮೇ 28ರಂದು ಚುನಾವಣೆಯೆಂದು ಗೊತ್ತಾಯಿತು. ಮುದುಕರೇ ಮತ್ತೆ ಗೆಲ್ಲುವರೆಂಬುದು ಎಲ್ಲರ ನಿರೀಕ್ಷೆ, ಕೆಲವರಿಗೆ ಅದೇ ಭಯ. ದೊರೆಗೆ ಹತ್ತಿರದ ಜನರಲ್‌ಗಳೂ ಈ ಭಯದಿಂದ ತಮ್ಮದೊಂದು ಕ್ಷಿಪ್ರಕ್ರಾಂತಿಯ ಯೋಚನೆಯಲ್ಲಿದ್ದರೆಂದು ಇತಿಹಾಸಕಾರರು ಹೇಳುತ್ತಾರೆ. ಕರ್ನಲ್‌ಗಳು ಅವರಿಗಿಂತ ಮೊದಲೇ ಎದ್ದರು.

ಇವರಲ್ಲಿ ಮುಖ್ಯರು ಮೂವರು. ಕರ್ನಲ್ ಗಿಯೋರ್ಗಿಯೋಸ್ ಪಪದೋಪುಲೋಸ್, ಕರ್ನಲ್ ನಿಕೋಲಾಸ್ ಮಕರೇಜೋಸ್, ಬ್ರಿಗೇಡಿಯರ್ ಸ್ಟೈಲಿಯಾನೋಸ್ ಪಟ್ಟಾಕೋಸ್. ಮೊದಲನೆಯವನು ಗೂಢಚರ್ಯೆಯ ಇಲಾಖೆಯಲ್ಲಿ ಪಳಗಿದವನು. ಹುಟ್ಟಿನಿಂದ ಹಳ್ಳಿಯ ಶಾಲಾ ಉಪಾಧ್ಯಾಯರೊಬ್ಬರ ಮಗ. (ನಮ್ಮ ವೃತ್ತಿಯವರ ಮಕ್ಕಳೆಲ್ಲ ನಾವು ಕಲಿಸಿದುದನ್ನೇ ಕಲಿಯುವರೆಂಬ ನಂಬಿಕೆ ಬೇಡ.) ಪಟ್ಟಾಕೋಸನ ವಶದಲ್ಲಿ ಅಥೆನ್ಸಿನ ಟ್ಯಾಂಕುಗಳಿದ್ದುವು.

ಟ್ಯಾಂಕುಗಳಷ್ಟರಿಂದಲೇ ಕಾರ್ಯ ಸಾಗುತ್ತಿರಲಿಲ್ಲ. ಸೇನಾ ಕಚೇರಿಯಲ್ಲಿ ‘ಪ್ರೊಮೀಥಿಯಸ್’ ಎಂಬ ಹೆಸರಿನ ಒಂದು ಯೋಜನೆ ಸಿದ್ಧವಾಗಿತ್ತು. ಕಮ್ಯೂನಿಸ್ಟರು ದಂಗೆಯೆದ್ದರೆ ಏನು ಮಾಡತಕ್ಕದ್ದೆಂದು ನೇಟೋ ಕೂಟದ ಏರ್ಪಾಡಿಗೆ ಅನುಸಾರವಾಗಿ ಬರೆದಿಟ್ಟ ಯೋಜನೆಯದು. ಮನುಷ್ಯರಿಗೆ ಬೆಂಕಿಯನ್ನು ತಂದುಕೊಟ್ಟು ಸಂಕೋಲೆಗೆ ಬಿದ್ದ ಪುರಾಣಪುರುಷನ ಹೆಸರನ್ನು ಇಂಥದಕ್ಕೆ ಇಟ್ಟವರ ರಸಿಕತೆಯನ್ನು ಮೆಚ್ಚಬೇಕು! ದಂಗೆಯೇನೂ ಎದ್ದಿರಲಿಲ್ಲ. ಆದರೆ ಪಿತೂರಿಗಾರರು ಭೂಸೇನೆಯ ಮುಖ್ಯಸ್ಥ ಸ್ಪಾಂದಿದಾಕಿಸನನ್ನು ಆ ರಾತ್ರಿ ತಮ್ಮ ಕಡೆಗೆ ಸೇರಿಸಿಕೊಂಡರು. ಅವನ ಹೆಸರಿನಲ್ಲಿ ಯೋಜನೆಯನ್ನು ಜಾರಿಗೆ ತರುವ ಆಜ್ಞೆ ಹೊರಟಿತು. ದೂರದ ದಂಡುಗಳ ಅಧಿಕಾರಿಗಳಿಗೆ ಬಂದುದು ತಾವು ಅಭ್ಯಾಸ ಮಾಡಿದ್ದ, ಮೇಲಿನಿಂದ ಬಂದ, ಕ್ರಮವಾದ ಅಪ್ಪಣೆ. ಪಾಲಿಸಿದರು. ಪಾಲಿಸಿದವರೆಲ್ಲ ದ್ರೋಹಿಗಳೆಂದು ಹೇಳಲು ನಮಗೆ ಮನಸ್ಸಾಗದು. ಬಂದ ಸುತ್ತೋಲೆಯನ್ನು ಪ್ರಶ್ನಿಸದೆ ರುಜು ಹಾಕಿ ಹಿಂತಿರುಗಿಸುವ ಅಭ್ಯಾಸ ನಮಗೂ ಇದೆಯಷ್ಟೆ.

ರಾತ್ರಿ ಎರಡು ಗಂಟೆಯ ಸುಮಾರಿಗೆ ಸೈನಿಕರು ರಕ್ಷಣಾ ಸಚಿವಾಲಯ, ರೇಡಿಯೋ ಕೇಂದ್ರ, ದೂರವಾಣಿ ಕೇಂದ್ರಗಳನ್ನು ವಶಪಡಿಸಿಕೊಂಡರು. ಯಾರನ್ನು ಹಿಡಿಯಬೇಕೆಂದು ಹುಡುಕುವ ಶ್ರಮವೇ ಇರಲಿಲ್ಲ. ಪಟ್ಟಿಗಳು ಮೊದಲೇ ಇದ್ದುವು. ಪ್ರಧಾನಿಯಾಗಿದ್ದ ಬಲಪಂಥದ ನಾಯಕ ಕನೆಲ್ಲೋಪುಲೋಸರನ್ನೂ ಹಿಡಿದರು, ಪಪಾಂಡ್ರೆಯೂ ಅವರನ್ನೂ, ಅವರ ಮಗ ಆಂಡ್ರಿಯಾಸರನ್ನೂ ಹಿಡಿದರು. ಮೊದಲ ಕೆಲವು ದಿನಗಳಲ್ಲಿ ಸೆರೆಯಾದವರ ಸಂಖ್ಯೆ ಸಾವಿರಗಟ್ಟಲೆ. ಅವರಲ್ಲಿ ಬಹಳ ಮಂದಿಯನ್ನು ಅಂತರ್ಯುದ್ಧದ ಕಾಲದಲ್ಲಿ ಸೆರೆಮನೆಯಾಗಿದ್ದ ಯಾರೋಸ್ ಎಂಬ ಬರಡು ದ್ವೀಪಕ್ಕೆ ಸಾಗಿಸಿದರು. ಬೆಳಗಾದಾಗ ರೇಡಿಯೋದಲ್ಲಿ ಸೇನಾವಾದ್ಯಗಳ ನಡುವೆ ಪ್ರಕಟಣೆ ಬಂದಿತು: ರಾಜಾಜ್ಞೆಯ ಮೇರೆಗೆ ಸಂವಿಧಾನದ ಹಲವು ವಿಧಿಗಳನ್ನು ಅಮಾನತಿನಲ್ಲಿಟ್ಟಿದೆಯೆಂದು. ಆ ಆಜ್ಞೆಗೆ ದೊರೆಯ ರುಜು ಬಿದ್ದಿರಲಿಲ್ಲ.

ರುಜು ಬಿದ್ದಿರಲಿಲ್ಲವೆಂಬುದನ್ನು ದೊರೆಯು ಲೋಕಕ್ಕೆ ಸಾರಬಹುದಾಗಿತ್ತು. ಇಡೀ ಪ್ರಕರಣದ ಮರ್ಮ ಈ ಕೆಲವು ಗಂಟೆಗಳಲ್ಲಿದೆಯೆಂದು ನಮ್ಮ ಅಭಿಪ್ರಾಯ. ಸೆರೆಯಲ್ಲಿದ್ದ ಪ್ರಧಾನಿ ಕನೆಲ್ಲೋಪುಲೋಸರು, ಒಪ್ಪಬೇಡ, ಎದುರು ನಿಲ್ಲು ಎಂದು ದೊರೆಗೆ ಹೇಳಿದರು. ದೊರೆಗೆ ಇನ್ನೂ 27 ತುಂಬಿರಲಿಲ್ಲ; ಅರಮನೆಯ ಸುತ್ತ ಸೈನ್ಯವಿತ್ತು; ರಕ್ತಪಾತದ ಹೆದರಿಕೆಯಿತ್ತು. ಅವನು ಕೇಳಿಕೊಂಡುದು ಒಂದನ್ನೇ, ಪ್ರಧಾನಿಯಾಗಿ ಸೈನಿಕನಲ್ಲದವನು ಇರಲಿ ಎಂದು. ಅವರು ಒಪ್ಪಿದರು. ಅವರಿಗೇನು ನಷ್ಟ? ಅದೇ ದಿನ ಸರ್ವೋಚ್ಚ ನ್ಯಾಯಾಲಯದ ಪ್ರಾಸಿಕ್ಯೂಟರ್ ಕೊಲ್ಲಿಯಾಸನು ದೊರೆಯೆದುರು ಪ್ರಮಾಣ ಸ್ವೀಕರಿಸಿದನು. ಹೊಸ ಮಂತ್ರಿಗಳ ನಡುವೆ ಮುಖ ಗಂಟಿಕ್ಕಿಕೊಂಡು ನಿಂತ ದೊರೆಯ ಛಾಯಾಚಿತ್ರ ಪ್ರಸಿದ್ಧವಾಗಿದೆ. ಗಂಟುಮುಖವೇ ತನ್ನ ಪ್ರತಿಭಟನೆಯೆಂದು ಅವನು ಎಣಿಸಿರಬಹುದು. ಆದರೆ ನಸುಕಿನ ಅಪಹಾರವು ಸಂಜೆಯ ಹೊತ್ತಿಗೆ ರಾಜಮುದ್ರೆ ಪಡೆದ ಸರ್ಕಾರವಾಗಿತ್ತು.

ಅಮೆರಿಕವೇ ಇದನ್ನು ಮಾಡಿಸಿತೆಂಬ ನಂಬಿಕೆ ಗ್ರೀಕರಲ್ಲಿ ಆಳವಾಗಿದೆ. ಕರ್ನಲ್‌ಗಳಿಗೆ ಅಲ್ಲಿಂದ ಅಪ್ಪಣೆ ಬಂದುದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಬಳಿಕ ಅವರೊಡನೆ ಆ ದೇಶ ಹೊಂದಿಕೊಂಡು ನಡೆದುದಂತೂ ದಿಟ. 1999ರಲ್ಲಿ ಅಧ್ಯಕ್ಷ ಕ್ಲಿಂಟನ್ನರು ಅಥೆನ್ಸಿಗೆ ಬಂದಾಗ ಅದನ್ನು ಬಹಿರಂಗವಾಗಿಯೇ ಒಪ್ಪಿಕೊಂಡರು.

ಅದೇ ವರ್ಷ, 1967ರ ಡಿಸೆಂಬರ್ 13ರಂದು, ದೊರೆಯು ಉತ್ತರದ ಕವಾಲಾ ಪಟ್ಟಣಕ್ಕೆ ಹಾರಿಹೋಗಿ ಸೈನ್ಯವನ್ನು ತನ್ನ ಕಡೆಗೆ ಕರೆದನು. ಅವನ ಪಕ್ಷದ ಜನರಲ್‌ಗಳನ್ನು ಅವರ ಕೈಕೆಳಗಿನ ಅಧಿಕಾರಿಗಳೇ ಸೆರೆಹಿಡಿದರು. ಏಪ್ರಿಲ್ ತಿಂಗಳಲ್ಲಿ ಒಂದು ಮಾತು ಸಾಕಾಗುತ್ತಿದ್ದಿತೇನೋ. ಎಂಟು ತಿಂಗಳಲ್ಲಿ ಕರ್ನಲ್‌ಗಳು ತಮ್ಮವರನ್ನು ಎಲ್ಲೆಲ್ಲಿಯೂ ಕೂರಿಸಿಬಿಟ್ಟಿದ್ದರು. ದೊರೆಯು ಸಂಸಾರದೊಡನೆ ರೋಮಿಗೆ ಹೊರಟುಹೋದನು. ಪಪದೋಪುಲೋಸನು ತಾನೇ ಪ್ರಧಾನಿಯಾದನು. ದೇಶವನ್ನು ಗಾರೆಪಟ್ಟಿಯಲ್ಲಿ ಕಟ್ಟಿಹಾಕಿದ ರೋಗಿಗೆ ಹೋಲಿಸುವುದು ಅವನಿಗೆ ಬಹು ಪ್ರಿಯವಾದ ಉಪಮೆ; ವೈದ್ಯನು ತಾನೆಂಬುದನ್ನು ಬೇರೆ ಹೇಳಬೇಕಾಗಿರಲಿಲ್ಲ.

ಶಾಲೆಗಳ ಸಂಗತಿಯನ್ನು ಹೇಳದೆ ಮುಂದೆ ಹೋಗಲು ನಮ್ಮಿಂದಾಗದು. ಗ್ರೀಕರಲ್ಲಿ ಬಹುಕಾಲದಿಂದ ಎರಡು ನುಡಿಗಳ ವ್ಯಾಜ್ಯವಿತ್ತು. ಮನೆಯಲ್ಲಿ ಆಡುವ ‘ದೆಮೋಟಿಕ್’ ಒಂದು. ಪ್ರಾಚೀನ ಭಾಷೆಯ ಕಡೆಗೆ ವಾಲಿಸಿ ತಿದ್ದಿ ಕಟ್ಟಿದ ‘ಕಥರೆವೂಸಾ’ ಎಂಬ ಗ್ರಾಂಥಿಕ ಭಾಷೆ ಇನ್ನೊಂದು. ಪಪಾಂಡ್ರೆಯೂ ಸರ್ಕಾರವು 1964ರಲ್ಲಿ ಆಡುನುಡಿಗೆ ಶಾಲೆಯಲ್ಲಿ ಸಮಾನ ಸ್ಥಾನ ಕೊಟ್ಟು, ಕಡ್ಡಾಯ ಶಿಕ್ಷಣವನ್ನು ಒಂಬತ್ತು ವರ್ಷಕ್ಕೆ ಏರಿಸಿತ್ತು. ಕರ್ನಲ್‌ಗಳು ಅಧಿಕಾರಕ್ಕೆ ಬಂದ ವರ್ಷವೇ ಅದನ್ನು ಆರಕ್ಕೆ ಇಳಿಸಿದರು; ಆಡುನುಡಿಯನ್ನು ಪ್ರಾಥಮಿಕ ಶಾಲೆಯ ಕೆಳ ತರಗತಿಗಳಲ್ಲಿ ಮಾತ್ರ ಉಳಿಸಿದರು. ಮನೆಯ ಮಾತೊಂದು, ಶಾಲೆಯ ಮಾತೊಂದಾದ ಮಕ್ಕಳು ಬಾಯಿ ಕಟ್ಟಿದವರಂತೆ ಬೆಂಚಿನ ಮೇಲೆ ಕುಳಿತಿರುವುದನ್ನು ಗಡಿನಾಡಿನ ನಾವು ದಿನವೂ ನೋಡುತ್ತೇವೆ. ಆದುದರಿಂದ ಗ್ರೀಸಿನ ಆ ತರಗತಿಗಳನ್ನು ಊಹಿಸಿಕೊಳ್ಳುವುದು ನಮಗೆ ಕಷ್ಟವಲ್ಲ.

1973ರ ನವೆಂಬರ್ 17ರಂದು ಅಥೆನ್ಸಿನ ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಮೇಲೆ ಟ್ಯಾಂಕು ನುಗ್ಗಿತು. ಕೆಲವೇ ದಿನಗಳಲ್ಲಿ ಪಪದೋಪುಲೋಸನನ್ನು ಅವನ ಕಡೆಯವರೇ ಕೆಡವಿದರು. 1974ರ ಜುಲೈನಲ್ಲಿ ಸೈಪ್ರಸ್ ದ್ವೀಪದಲ್ಲಿ ಮಾಡಿದ ದುಸ್ಸಾಹಸದಿಂದ ತುರ್ಕಿಯ ಸೈನ್ಯ ಅಲ್ಲಿಗೆ ಇಳಿದು, ಸೈನ್ಯದ ಆಳ್ವಿಕೆ ಕುಸಿಯಿತು. ಮೂವರು ನಾಯಕರಿಗೂ 1975ರಲ್ಲಿ ಮರಣದಂಡನೆಯಾಗಿ, ಅದು ಜೀವಾವಧಿಗೆ ಇಳಿಯಿತು. 1976ರಲ್ಲಿ ದೆಮೋಟಿಕ್ ಶಾಲೆಯ ಭಾಷೆಯಾಯಿತು.

ಆ ಪೋಲೀಸ್ ಕಡತಗಳು ಮಾತ್ರ ಇನ್ನೂ ಹಲವು ಕಾಲ ಉಳಿದಿದ್ದುವು. 1989ರ ಆಗಸ್ಟ್ ತಿಂಗಳಲ್ಲಿ, ಅಂತರ್ಯುದ್ಧ ಮುಗಿದು 40 ವರ್ಷವಾದ ಸಂದರ್ಭದಲ್ಲಿ, ಸಮಾಧಾನದ ಗುರುತಾಗಿ ಅವುಗಳ ರಾಶಿ ರಾಶಿಯನ್ನು ಉಕ್ಕಿನ ಕಾರ್ಖಾನೆಯ ಕುಲುಮೆಗೆ ಹಾಕಿದರು. ಸುಡಬೇಡಿ, ಓದಲು ಬಿಡಿ ಎಂದು ಇತಿಹಾಸಕಾರರು ಬೇಡಿಕೊಂಡರು. ಸುಟ್ಟೇಬಿಟ್ಟರು.