ಸಿಹಿನೀರಿನ ಪ್ರಾಣಿಪ್ಲವಕಗಳು ಮತ್ತು ಭಾರಲೋಹ ಮಾಲಿನ್ಯ

ಕೆರೆ, ಹೊಳೆ, ಜಲಾಶಯಗಳಲ್ಲಿ ನೀರಿನ ಚಲನೆಗೆ ಮೈಯೊಪ್ಪಿಸಿ ತೇಲುತ್ತ ಜೀವಿಸುವ, ಬಹುಪಾಲು ಬರಿಗಣ್ಣಿಗೆ ಗೋಚರಿಸದ ಸೂಕ್ಷ್ಮಪ್ರಾಣಿಗಳ ಸಮುದಾಯವೇ ಪ್ರಾಣಿಪ್ಲವಕ. ಏಕಕೋಶಜೀವಿಗಳನ್ನುಳಿದು ರೋಟಿಫರ್, ಕ್ಲಾಡೊಸಿರ, ಕೋಪಿಪಾಡ್ ಎಂಬ ಮೂರು ವರ್ಗಗಳು ಇದರಲ್ಲಿ ಪ್ರಧಾನವಾದುವು. ಶೈವಲಗಳನ್ನು ಭಕ್ಷಿಸಿ ಮೀನುಮರಿಗಳಿಗೆ ತಾವೇ ಆಹಾರವಾಗುವ ಈ ಜೀವಿಗಳು ಕ್ಷೀಣಿಸಿದಲ್ಲಿ ಶೈವಲಗಳು ಮಿತಿಮೀರಿ ಬೆಳೆಯುವುದೂ ಮೀನಿನ ಸಂತತಿ ಸೊರಗುವುದೂ ಉಂಟು. ತಾಮ್ರ, ಸತು, ಸೀಸ, ಕ್ಯಾಡ್ಮಿಯಂ, ಪಾದರಸಗಳು ಇವುಗಳಿಗೆ ಎಸಗುವ ಹಾನಿ ಲೋಹದ ಪ್ರಮಾಣವನ್ನು ಮಾತ್ರವಲ್ಲದೆ, ಅದನ್ನು ಕರಗಿಸಿಕೊಂಡ ನೀರಿನ ಗುಣವನ್ನೂ ಅವಲಂಬಿಸಿರುತ್ತದೆ.

ಶರಾವತಿಯ ಜಲಾನಯನ. ಇದನ್ನು ಮಲೆನಾಡಿನ ಒಂದು ನದಿಯ ನಿದರ್ಶನದಿಂದ ನೋಡಬಹುದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಉದ್ಭವಿಸುವ ಶರಾವತಿಯು ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ 1964ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ ವಿಶಾಲ ಜಲಾಶಯವಾಗಿ ನಿಲ್ಲುತ್ತದೆ. ಲೋಹೋದ್ಯಮದ ಕೇಂದ್ರವಾದ ಭದ್ರಾವತಿ ಈ ಜಲಾನಯನಕ್ಕೆ ಹೊರಗಿನದಾದ ಕಾರಣ, ಇಲ್ಲಿ ಮುಖ್ಯವಾಗಿ ಪರಿಗಣಿಸಬೇಕಾದ ಲೋಹ ಕಾರ್ಖಾನೆಯಿಂದ ಬರುವುದಲ್ಲ, ಅಡಕೆಯ ತೋಟದಿಂದ ಬರುವ ತಾಮ್ರ.

ಫ್ರಾನ್ಸಿನಲ್ಲಿ 1885ರ ಸುಮಾರಿಗೆ ದ್ರಾಕ್ಷಿಬಳ್ಳಿಯ ರೋಗಕ್ಕೆ ಮದ್ದಾಗಿ ಪ್ರಸಿದ್ಧಿಗೆ ಬಂದ, ಬೋರ್ಡೋ ದ್ರಾವಣವೆಂಬ ತಾಮ್ರದ ಔಷಧಿಯನ್ನು, ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಕೂಡಿದ ಈ ಔಷಧಿಯನ್ನು ಅಡಕೆಯ ಗೊನೆಗಳಿಗೆ ಮುಂಗಾರಿಗೆ ಮುನ್ನ ಒಮ್ಮೆ, 40–45 ದಿನಗಳ ತರುವಾಯ ಮತ್ತೊಮ್ಮೆ ಹೊಡೆಯುವುದು ರೂಢಿ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರವಿರುವುದರಿಂದ ಲೀಟರೊಂದಕ್ಕೆ 2.5 ಗ್ರಾಂ ತಾಮ್ರ ಬೀಳುತ್ತದೆ. ಅದಿಷ್ಟೂ ಕರಗಿ ಹರಿದಲ್ಲಿ 50,000 ಲೀಟರ್ ನೀರನ್ನು, ಭಾರತೀಯ ಮಾನಕ ಬ್ಯೂರೊ ಕುಡಿಯುವ ನೀರಿಗೆ ಸ್ವೀಕಾರಾರ್ಹವೆಂದಿರುವ ಲೀಟರಿಗೆ 0.05 ಮಿಲಿಗ್ರಾಂ ಮಿತಿಗೆ ಮುಟ್ಟಿಸಬಲ್ಲುದು. ವಾಸ್ತವದಲ್ಲಿ ಸುಣ್ಣದೊಡನೆ ಕೂಡಿದ ತಾಮ್ರ ಕಾಯಿಗೆ ಅಂಟಿ ನಿಧಾನವಾಗಿ ಕರಗುತ್ತದೆ. ತೊಳೆದುಹೋದುದರಲ್ಲಿ ಬಹುಭಾಗವನ್ನು ತೋಟದ ಮಣ್ಣೂ ಕೊಳೆತ ಸೊಪ್ಪೂ ಹಿಡಿದಿಡುತ್ತವೆ. ಶೇಷಾಂಶವೇ ಬಸಿಗಾಲುವೆಯ ಮೂಲಕ ಹಳ್ಳವನ್ನು ಸೇರಬಲ್ಲುದು.

ವಿಷಕ್ರಿಯೆ. ಮನುಷ್ಯನಿಗೆ ನಿರಪಾಯಕರವಾದ ಮೇಲ್ಕಂಡ ಮಿತಿಯಲ್ಲಿಯೇ, ನೀರು ಮೃದುವಾಗಿದ್ದರೆ, ಡಾಫ್ನಿಯಾದಂಥ ಕ್ಲಾಡೊಸಿರಗಳು ಎರಡು ದಿನಗಳೊಳಗೆ ನಿಶ್ಚೇಷ್ಟಿತವಾಗಬಹುದು. ತಾಮ್ರವು ಇವುಗಳ ದೇಹಕ್ಕೆ ಸೋಡಿಯಂ ಸೇರುವುದನ್ನೂ, ಕ್ಯಾಡ್ಮಿಯಂ ಕ್ಯಾಲ್ಸಿಯಂ ಸೇರುವುದನ್ನೂ ತಡೆಯುತ್ತದೆ. ಮರಣಕ್ಕೆ ಸಾಲದ ಪ್ರಮಾಣದಲ್ಲಿಯೂ ಆಹಾರವನ್ನು ಸೋಸುವ ವೇಗ ಕುಗ್ಗಿ, ಪೊರೆ ಕಳಚುವ ಕಾಲ ವ್ಯತ್ಯಸ್ತವಾಗಿ, ಮರಿಗಳ ಸಂಖ್ಯೆ ಇಳಿಯುತ್ತದೆ. ಲೋಹವನ್ನು ಬಂಧಿಸುವ ಮೆಟಲೊಥಯೊನಿನ್ ಎಂಬ ಪ್ರೋಟೀನು ಕೊಂಚ ರಕ್ಷಣೆ ನೀಡುವುದಾದರೂ ಅದನ್ನು ತಯಾರಿಸುವುದಕ್ಕೆ ಬೆಳವಣಿಗೆಯ ಶಕ್ತಿಯೇ ವ್ಯಯವಾಗುತ್ತದೆ. ಸಾಮಾನ್ಯವಾಗಿ ಕ್ಲಾಡೊಸಿರಗಳು ಮೊದಲು ಕ್ಷಯಿಸಿ, ಸಹಿಷ್ಣುಗಳಾದ ಕೋಪಿಪಾಡ್‌ಗಳೂ ಕೆಲವು ರೋಟಿಫರ್‌ಗಳೂ ಉಳಿಯುವುದರಿಂದ, ಸಮುದಾಯದ ಈ ಮಾರ್ಪಾಡೇ ಮಾಲಿನ್ಯದ ಸೂಚಕವೆನಿಸುತ್ತದೆ.

ಮಲೆನಾಡಿನ ನೀರು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಲೋಹದೊಡನೆ ಸ್ಪರ್ಧಿಸಿ ಜೀವಿಗೆ ರಕ್ಷೆಯಾಗುತ್ತವೆ. ಅಧಿಕ ಮಳೆಯಿಂದ ಲವಣಗಳು ತೊಳೆದುಹೋದ ಮಲೆನಾಡಿನ ಮೃದುಜಲದಲ್ಲಿ ಆ ರಕ್ಷೆ ಕಡಿಮೆ. ಪ್ರತಿಯಾಗಿ, ಕಾಡಿನ ತರಗೆಲೆ ಕೊಳೆತು ಹುಟ್ಟುವ ಹ್ಯೂಮಿಕ್ ಪದಾರ್ಥಗಳು ತಾಮ್ರವನ್ನು ಬಂಧಿಸಿ ಅದರ ಉಗ್ರತೆಯನ್ನು ತಗ್ಗಿಸುತ್ತವೆ. ಹೀಗಾಗಿ ಹಳ್ಳದ ಇಕ್ಕೆಲದ ಕಾಡನ್ನು ಉಳಿಸುವುದೂ ಇಲ್ಲಿ ಪ್ಲವಕಗಳ ರಕ್ಷಣೆಯ ಒಂದು ಭಾಗವಾಗುತ್ತದೆ.

ನಿವಾರಣೆ. ಬೋರ್ಡೋ ದ್ರಾವಣದಲ್ಲಿ ಅದ್ದಿದ ಹೊಳಪಿನ ಕಬ್ಬಿಣದ ಕತ್ತಿಯ ಮೇಲೆ ಕೆಂಪು ಲೇಪ ಕಂಡುಬಂದರೆ ತಾಮ್ರ ಇನ್ನೂ ಮುಕ್ತರೂಪದಲ್ಲಿದೆಯೆಂದು ತಿಳಿದು ಮತ್ತಷ್ಟು ಸುಣ್ಣ ಬೆರೆಸುವ ಕ್ರಮ ಬೆಳೆಗಾರರಲ್ಲಿ ರೂಢಿಯಲ್ಲಿದೆ. ಕಾಯಿ ಸುಡದಿರಲೆಂದು ಮಾಡುವ ಈ ಪರೀಕ್ಷೆಯಿಂದ ಹಳ್ಳಕ್ಕೆ ಹರಿಯಬಹುದಾದ ಮುಕ್ತ ತಾಮ್ರವೂ ಕಡಿಮೆಯಾಗುತ್ತದೆ. ಮಿಕ್ಕ ಔಷಧಿಯನ್ನು ಹಳ್ಳಕ್ಕೆ ಚೆಲ್ಲದಿರುವುದೂ, ಪಂಪು, ಪೀಪಾಯಿಗಳನ್ನು ಹರಿಯುವ ನೀರಿನಲ್ಲಿ ತೊಳೆಯದಿರುವುದೂ ಇದರೊಡನೆ ಅವಶ್ಯವಾಗಿ ಪಾಲಿಸತಕ್ಕ ನಿಯಮಗಳು.